ತವರಿನಿಂದ ದೂರದ ಒಂದು ರಾಜವಿವಾಹ



ಲಗ್ನದ ದಿನಗಳು ಬಂದವೆಂದರೆ ನಮ್ಮ ಚಂದ್ರಾ ಲೇಔಟಿನ ಮನೆಗಳಿಗೆ ಲಗ್ನಪತ್ರಿಕೆಗಳ ಸುಗ್ಗಿ. ಈಚೆಗೆ ಪರಿಚಿತರೊಬ್ಬರ ಮನೆಯ ಮಾತುಕತೆಗೆ ನಾವೂ ಹೋಗಿದ್ದೆವು. ವರ ವಿದೇಶದಲ್ಲಿರುವವನು. ಕಲ್ಯಾಣಮಂಟಪ, ಒಡವೆ, ಊಟೋಪಚಾರ ಎಲ್ಲವೂ ಒಂದೇ ಸಂಜೆಯಲ್ಲಿ ಇತ್ಯರ್ಥವಾದವು. ಕಾಫಿ ತಂದಿಟ್ಟು ಒಳಗೆ ಹೋದ ಹುಡುಗಿಯನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ನಾವೂ ಕೇಳಲಿಲ್ಲ. ಹಿಂದಿರುಗುವ ದಾರಿಯಲ್ಲಿ ನಮಗೆ ನೆನಪಾದವಳು ಕೊಡಗಿನ ರಾಜಕುಮಾರಿ ಗೌರಮ್ಮ.

ಕೊಡಗನ್ನಾಳಿದ ಹಾಲೇರಿ ಅರಸರು ಲಿಂಗಾಯತ ಮನೆತನದವರೆಂಬುದು ಬಂಧುಗಳಿಗೆ ತಿಳಿದದ್ದೇ. ಆ ವಂಶದ ಕೊನೆಯ ದೊರೆ ಚಿಕ್ಕವೀರರಾಜೇಂದ್ರ. ಆತನ ಪತನದ ಕಥೆ ಮಾಸ್ತಿಯವರ ಕಾದಂಬರಿಯಿಂದ ಮನೆಮಾತಾಗಿದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗನ್ನು ವಶಪಡಿಸಿಕೊಂಡ ಮೇಲೆ ದೊರೆ ಕಾಶಿಯಲ್ಲಿ ಸೆರೆಯಾಳಿನಂತೆ ದಿನ ಕಳೆಯಬೇಕಾಯಿತು. ಗೌರಮ್ಮ ಹುಟ್ಟಿದ್ದು ಅಲ್ಲಿಯೇ, 1841ರಲ್ಲಿ. ಮಡಿಕೇರಿಯ ಅರಮನೆಯ ಅಂಗಳದಲ್ಲಿ ಆಡಿ ಬೆಳೆಯುವ ಭಾಗ್ಯ ಆಕೆಗಿರಲಿಲ್ಲ.

1852ರಲ್ಲಿ ತಂದೆ ಆಕೆಯನ್ನು ಇಂಗ್ಲೆಂಡಿಗೆ ಕರೆದೊಯ್ದ. ಹಿಂದಿನ ಅರಸರು ಕಂಪನಿಯಲ್ಲಿ ತೊಡಗಿಸಿದ್ದ ಹಣವನ್ನು ಮರಳಿ ಪಡೆಯುವ ಹಂಬಲ ಆತನದು. ಅದರೊಂದಿಗೆ, ಮಗಳನ್ನು ಕ್ರೈಸ್ತಮತದಲ್ಲಿ ಬೆಳೆಸಲು ಒಪ್ಪಿಸುವ ಸಂಕಲ್ಪವೂ ಇತ್ತು. ಅದೇ ವರ್ಷ ಆಕೆಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿ ತಾನೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಮಗುವಿಗಿತ್ತಳು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಆಕೆಯ ಭಾವಚಿತ್ರ ಬರೆದ. ಆದರೆ ಬೆಳೆದದ್ದು ತಂದೆಯ ಬಳಿಯಲ್ಲಲ್ಲ, ಆಂಗ್ಲ ಕುಟುಂಬಗಳ ಪೋಷಣೆಯಲ್ಲಿ.

ಪ್ರಾಯಕ್ಕೆ ಬಂದ ಗೌರಮ್ಮನಿಗೆ ರಾಣಿಯು ವರನನ್ನು ಮನಸ್ಸಿನಲ್ಲೇ ಗೊತ್ತುಮಾಡಿದ್ದಳು. ಆತ ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್. ರಣಜಿತ್ ಸಿಂಹನ ಮಗ. ಆತನೂ ರಾಜ್ಯ ಕಳೆದುಕೊಂಡವನು, ಆತನೂ ಮತಾಂತರಗೊಂಡವನು. ರಾಣಿಯ ಕಣ್ಣಿಗೆ ಇದಕ್ಕಿಂತ ಒಪ್ಪುವ ಜೋಡಿಯಿರಲಿಲ್ಲ. ದುಲೀಪ್ ಸಿಂಗ್ ಒಪ್ಪಲಿಲ್ಲ. 1859ರಲ್ಲಿ ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲಿಯೇ ತೀರಿಕೊಂಡ. ಮರುವರ್ಷ, 1860ರಲ್ಲಿ, ಹತ್ತೊಂಬತ್ತರ ಹರೆಯದ ಗೌರಮ್ಮನ ಮದುವೆ ಕರ್ನಲ್ ಜಾನ್ ಕ್ಯಾಂಬೆಲ್ ಎಂಬ ಸೇನಾಧಿಕಾರಿಯೊಡನೆ ನೆರವೇರಿತು. ದುಲೀಪ್ ಸಿಂಗನ ಪೋಷಕರಾಗಿದ್ದ ಲಾಗಿನ್ ದಂಪತಿಗಳ ಪೈಕಿ ಶ್ರೀಮತಿ ಲಾಗಿನ್ನರ ಸಹೋದರನೇ ಈ ವರ. ವಯಸ್ಸಿನಲ್ಲಿ ವಧುವಿಗಿಂತ ಸುಮಾರು ಮೂವತ್ತು ವರ್ಷ ಹಿರಿಯ. ಹರಸಲು ತಂದೆ ಬದುಕಿರಲಿಲ್ಲ.

1861ರಲ್ಲಿ ಹೆಣ್ಣುಮಗುವಾಯಿತು. ತಾಯಿಯ ಹೆಸರೂ ಆ ಮಗುವಿನ ಹೆಸರಿನಲ್ಲಿ ಸೇರಿತು: ಎಡಿತ್ ವಿಕ್ಟೋರಿಯಾ ಗೌರಮ್ಮ. 1864ರಲ್ಲಿ ಕ್ಷಯರೋಗದಿಂದ ನರಳಿದ ಗೌರಮ್ಮ ಕಣ್ಮುಚ್ಚಿದಾಗ ವಯಸ್ಸು ಇಪ್ಪತ್ತೆರಡು. ಅಜ್ಜ ಲಿಂಗರಾಜೇಂದ್ರನ ಗದ್ದಿಗೆ ಮಡಿಕೇರಿಯಲ್ಲಿದೆ. ತಂದೆಯನ್ನು ಹೂಳಿದ್ದು ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿ, ಮಗಳನ್ನು ಅದೇ ನಗರದ ಬ್ರಾಂಪ್ಟನ್ನಿನಲ್ಲಿ. ಮೂರು ತಲೆಮಾರು, ಮೂರು ಮಣ್ಣು.

ಈ ಕಥೆಯಲ್ಲಿ ದುಷ್ಟರನ್ನು ಹುಡುಕಹೊರಟರೆ ನಮಗೆ ಯಾರೂ ಸಿಗಲಾರರು. ರಾಣಿಯ ವಾತ್ಸಲ್ಯ ಸುಳ್ಳಲ್ಲ. ತಂದೆಗೂ ಮಗಳ ಏಳಿಗೆಯ ಆಸೆಯಿದ್ದಿರಲೇಬೇಕು. ಮತವೂ ಇಲ್ಲಿ ಅಪರಾಧಿಯಲ್ಲ. ಎಲ್ಲರೂ ಆಕೆಗೆ ಒಳಿತನ್ನೇ ಬಯಸಿದರು; ಆದರೆ ಹನ್ನೊಂದರ ವಯಸ್ಸಿನಿಂದಲೇ ಆಕೆಯ ಬಾಳಿನ ದಾರಿಯನ್ನು ಬೇರೆಯವರು ನಿಶ್ಚಯಿಸುತ್ತ ಬಂದರು. ಅರಸ ಕೌಶಿಕನ ಅರಮನೆಯನ್ನು ತೊರೆದು ನಡೆದ ಅಕ್ಕಮಹಾದೇವಿಯನ್ನು ಪೂಜಿಸುವ ನಾವು, ನಮ್ಮ ಮನೆಯ ಹೆಣ್ಣುಮಕ್ಕಳು 'ಒಲ್ಲೆ' ಎನ್ನಲು ಎಷ್ಟು ಎಡೆ ಕೊಟ್ಟಿದ್ದೇವೆ?

ಈ ಪ್ರಶ್ನೆ ನಮ್ಮನ್ನು ಆ ರಾತ್ರಿ ನಿದ್ರಿಸಗೊಡಲಿಲ್ಲ. ಮರುದಿನವೇ ಆ ಮನೆಗೆ ಹೋಗಿ, ತಂದೆತಾಯಿಗಳ ಎದುರಿನಲ್ಲಿಯೇ, "ನಿನ್ನ ಮನಸ್ಸಿನಲ್ಲಿ ಏನಿದೆ, ತಾಯಿ?" ಎಂದು ಕೇಳಿದೆವು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ತಿಂಗಳು ಸಮಯ ಕೊಡಿಸಿ, ದೊಡ್ಡಪ್ಪ. ನಾನು ಅವರೊಡನೆ ಮಾತನಾಡಬೇಕು" ಎಂದಳು. ತಂದೆ ಮೊದಲು ಹುಬ್ಬುಗಂಟಿಕ್ಕಿದರೂ ಕಡೆಗೆ ಒಪ್ಪಿದರು.

ಮದುವೆ ನಡೆಯುವುದೋ ಇಲ್ಲವೋ, ಅದು ಆ ಮಗಳಿಗೆ ಬಿಟ್ಟದ್ದು. ಪತ್ರಿಕೆ ಅಚ್ಚಿಗೆ ಕೊಡುವ ಮುನ್ನ ಪ್ರತಿ ಮನೆಯಲ್ಲಿಯೂ ಆ ಒಂದು ಪ್ರಶ್ನೆ ಕೇಳಲ್ಪಡಲಿ.