ರಸಾಯನ ಗೋಷ್ಠಿಗಳಲ್ಲಿ ಕನ್ನಡಕ್ಕೊಂದು ಆಸನ

ಆಚಾರ್ಯ ಪ್ರಫುಲ್ಲಚಂದ್ರ ರಾಯರ ಜನ್ಮದಿನವಾದ ಆಗಸ್ಟ್ 2, ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28, ಇವು ಸಮೀಪಿಸಿದಂತೆ ನಮ್ಮ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ವಿಚಾರಸಂಕಿರಣಗಳಿಗೆ ಸಿದ್ಧತೆಯು ನಡೆಯುತ್ತದೆ. ಆಮಂತ್ರಣಪತ್ರಿಕೆಗಳಲ್ಲಿ ಅಧ್ಯಕ್ಷರ, ಅತಿಥಿಗಳ ಹೆಸರುಗಳು ಬಿರುದುಸಹಿತವಾಗಿ ವಿರಾಜಿಸುತ್ತವೆ. ಆದರೆ ಕನ್ನಡದಲ್ಲಿ ಒಂದು ಗೋಷ್ಠಿಯುಂಟೆ? ಗ್ರಾಮಾಂತರದ ಪ್ರೌಢಶಾಲಾ ಅಧ್ಯಾಪಕರಿಗೆ ಆಸನವುಂಟೆ? ಬಹುಮಟ್ಟಿಗೆ ಇಲ್ಲ. ವ್ಯಾಕರಣ ಬೋಧಿಸುವ ಪಂಡಿತನಿಗೆ ರಸಾಯನದ ಉಸಾಬರಿ ಏಕೆಂದು ಕೆಲವರು ಕೇಳಿಯಾರು. ಹೆಸರುಗಳ ವಿಚಾರವು ನನ್ನ ವ್ಯಾಪ್ತಿಗೆ ಸೇರಿದ್ದು. ಒಂದು ಹೆಸರಿನಿಂದಲೇ ಉತ್ತರಿಸುತ್ತೇನೆ.

‘ಆಮ್ಲಜನಕ’ವೆಂದರೆ ಆಮ್ಲವನ್ನು ಹುಟ್ಟಿಸುವುದು. ಫ್ರಾನ್ಸಿನ ಲವಾಸಿಯೆ 18ನೆಯ ಶತಮಾನದಲ್ಲಿ ಗ್ರೀಕ್ ಪದಗಳಿಂದ ಕಟ್ಟಿದ ‘ಆಕ್ಸಿಜನ್’ ಎಂಬ ಹೆಸರಿನ ಯಥಾವತ್ತಾದ ಅನುವಾದವಿದು. ಸಕಲ ಆಮ್ಲಗಳಲ್ಲಿಯೂ ಈ ಅನಿಲವಿರಬೇಕೆಂದು ಆತನು ಭಾವಿಸಿದ್ದನು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು, ಇಂದು ನಾವು ಹೈಡ್ರೋಕ್ಲೋರಿಕ್ ಆಮ್ಲವೆನ್ನುವ ದ್ರವ್ಯದಲ್ಲಿ ಆಮ್ಲಜನಕವಿಲ್ಲವೆಂದು ಪ್ರತಿಪಾದಿಸಿದನು. ಅದರಲ್ಲಿರುವುದು ಜಲಜನಕವೂ ಕ್ಲೋರಿನ್ನೂ ಮಾತ್ರ. ಶಾಲೆಯಲ್ಲಿ ನಾವು ಪಾಠ ಹೇಳುವ ಆಮ್ಲಗಳ ಹುಳಿಗೆ ಕಾರಣವೂ ಜಲಜನಕವೇ. ಹಾಗಾದರೆ ಜಲಜನಕವನ್ನೇ ಆಮ್ಲಜನಕವೆನ್ನಬೇಕಿತ್ತಷ್ಟೆ! ಹೆಸರನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ರೂಢಿಯು ಅವಯವಾರ್ಥವನ್ನು ಮೀರುವುದು ನಮ್ಮ ಶಾಸ್ತ್ರಕಾರರಿಗೂ ಸಮ್ಮತವೇ. ಆದರೆ ಇಂಗ್ಲಿಷಿನಲ್ಲಿ ಓದುವ ಬಾಲಕನಿಗೆ ಗ್ರೀಕ್ ಬಾರದಿರುವುದರಿಂದ ಆ ಹೆಸರು ಬರಿಯ ಶಬ್ದ. ಕನ್ನಡದ ಬಾಲಕನಿಗೆ ಪ್ರಶ್ನೆಯು ಪದದೊಳಗೇ ಕುಳಿತಿದೆ. ಕೇಳುವ ಅವಕಾಶವನ್ನು ಮಾತ್ರ ನಾವು ಕಲ್ಪಿಸಿಲ್ಲ.

ಇದೇನೂ ಹೊಸ ಹಂಬಲವಲ್ಲ. ಸುಮಾರು 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಸಹೋದ್ಯೋಗಿಗಳೊಡನೆ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಆ ಮಹನೀಯರೇ ಪಂಪಭಾರತದ ಸಂಪಾದನೆಗೂ ಕೈಯಿಕ್ಕಿದರು. ಪ್ರಯೋಗಶಾಲೆಗೂ ಹಳಗನ್ನಡಕ್ಕೂ ನಡುವೆ ಅವರು ಗೋಡೆಯನ್ನು ಕಾಣಲಿಲ್ಲ.

ಸಂಶೋಧನ ಪ್ರಬಂಧಗಳು ಇಂಗ್ಲಿಷಿನಲ್ಲಿಯೇ ಇರಲಿ. ದೇಶಾಂತರದ ವಿದ್ವಾಂಸರನ್ನು ಅವು ಮುಟ್ಟಬೇಕು. ನಾನು ಬೇಡುವುದು ಒಂದು ಅಪರಾಹ್ಣವನ್ನು ಮಾತ್ರ. ಅಂದು ಪ್ರೌಢಶಾಲಾ ಅಧ್ಯಾಪಕರು ಶ್ರೋತೃಗಳಾಗಿ ಹಿಂದಿನ ಸಾಲಿನಲ್ಲಿ ಕೂರದೆ, ತಾವೇ ಒಂದೊಂದು ಪ್ರಯೋಗವನ್ನು ಕನ್ನಡದಲ್ಲಿ ವಿವರಿಸುತ್ತ ಮಾಡಿ ತೋರಿಸಲಿ. ದುಬಾರಿ ಉಪಕರಣಗಳು ಬೇಕಿಲ್ಲ. ಅರಿಸಿನದ ನೀರಿಗೆ ಸುಣ್ಣದ ತಿಳಿಯನ್ನು ಬೆರೆಸಿದರೆ ಕೆಂಪಾಗುವುದು, ನಿಂಬೆರಸವನ್ನು ಹಿಂಡಿದರೆ ಪುನಃ ಹಳದಿಗೆ ತಿರುಗುವುದು. ಓಕುಳಿ ಕದಡುವ ಮನೆಗಳಲ್ಲಿ ಎಲ್ಲರೂ ಕಂಡಿರುವ ಬಣ್ಣವಿದು. ಆಮ್ಲ ಪ್ರತ್ಯಾಮ್ಲಗಳ ಪಾಠಕ್ಕೆ ಇದಕ್ಕಿಂತ ಸುಲಭವಾದ ಪ್ರವೇಶವುಂಟೆ? ಬಳಿಕ ಕಾಲೇಜಿನ ಪ್ರಾಧ್ಯಾಪಕರು ಅದರ ಅಣುರಚನೆಯನ್ನು ವಿವರಿಸಲಿ.

ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ಶಾಲು, ಹಾರ, ಸ್ಮರಣಿಕೆಗಳಿಗೆ ತಾವು ಕೊಡುವ ಹಣದಲ್ಲಿ ಒಂದಂಶವನ್ನು ದೂರದ ಹಳ್ಳಿಗಳಿಂದ ಬರುವ ಅಧ್ಯಾಪಕರ ಬಸ್ಸಿನ ವೆಚ್ಚಕ್ಕೂ ಊಟಕ್ಕೂ ಮೀಸಲಿರಿಸಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಕಾಲೇಜಿನ ಪ್ರಾಧ್ಯಾಪಕರಾಗಿರುವವರು ಈ ಮಾತನ್ನು ತಮ್ಮ ಸಮಿತಿಗಳಲ್ಲಿ ಎತ್ತಬೇಕು. ಆಮಂತ್ರಣವು ಗೋಷ್ಠಿಯ ಹಿಂದಿನ ದಿನ ಶಾಲೆಗೆ ತಲುಪಿದರೆ ಪ್ರಯೋಜನವಿಲ್ಲ; ತಿಂಗಳ ಮುಂಚೆಯೇ ಬಂದರೆ ಮುಖ್ಯೋಪಾಧ್ಯಾಯರು ವೇಳಾಪಟ್ಟಿಯನ್ನು ಹೊಂದಿಸಿ ಅಧ್ಯಾಪಕರನ್ನು ಕಳುಹಿಸಿಕೊಡಬಲ್ಲರು.