ಗಾಳಿ ಹೋದರೂ ಓಡುವ ಟೈರು, ಕೇಳಿದರೆ ಓಡಿಹೋಗುವ ವಾರಂಟಿ

ದುಬಾರಿ ಕಾರು ಕೊಂಡವರನ್ನು ಒಮ್ಮೆ ಕೇಳಿ ನೋಡಿ, "ನಿಮ್ಮ ಕಾರಿನ ಸ್ಟೆಪ್ನಿ ಎಲ್ಲಿದೆ?" ಅಂತ. ಕೆಲವರು ಡಿಕ್ಕಿ ತೆಗೆದು, ಮ್ಯಾಟ್ ಎತ್ತಿ, ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ. ಸ್ಟೆಪ್ನಿ ಇದ್ದರೆ ತಾನೇ ಕಾಣೋದು! ಅದರ ಬದಲು ಕಂಪನಿಯೇ ನಾಲ್ಕೂ ಚಕ್ರಕ್ಕೆ ರನ್-ಫ್ಲಾಟ್ ಟೈರು ಹಾಕಿ ಕಳಿಸಿರುತ್ತೆ. "ಪಂಕ್ಚರ್ ಆದ್ರೂ ಓಡಿಸ್ಕೊಂಡು ಹೋಗಬಹುದು ಸಾರ್" ಅನ್ನೋದು ಷೋರೂಮಿನ ಮಾತು. ಅದು ಸುಳ್ಳಲ್ಲ. ಆದರೆ ಆ ಟೈರು ಹಾಳಾದರೆ ದುಡ್ಡು ಯಾರದು ಅನ್ನೋದನ್ನ ಮಾರುವಾಗ ಬಿಡಿಸಿ ಹೇಳುವವರು ಕಡಿಮೆ. ನನ್ನ ತಕರಾರು ಇರೋದು ಅಲ್ಲೇ.

ಮೊದಲು ಈ ಟೈರು ಕೆಲಸ ಮಾಡೋದು ಹೇಗೆ ಅಂತ ನೋಡೋಣ. ಮಾಮೂಲಿ ಟೈರಿನಲ್ಲಿ ಕಾರಿನ ಭಾರ ಹೊರೋದು ಒಳಗಿನ ಗಾಳಿ. ಗಾಳಿ ಹೋದರೆ ಟೈರಿನ ಪಕ್ಕದ ಗೋಡೆ, ಅಂದ್ರೆ ಸೈಡ್‌ವಾಲ್, ಮಡಚಿಕೊಂಡು ರಿಮ್ಮು ರಸ್ತೆಗೆ ಬಡಿಯುತ್ತೆ. ರನ್-ಫ್ಲಾಟ್ ಟೈರಿನಲ್ಲಿ ಈ ಗೋಡೆಯನ್ನೇ ದಪ್ಪ, ಗಡಸು ರಬ್ಬರಿನಿಂದ ಬಲಪಡಿಸಿರುತ್ತಾರೆ. ಗಾಳಿ ಇಲ್ಲದಿದ್ದರೂ ಅದು ಭಾರ ತಡೆದುಕೊಳ್ಳುತ್ತೆ. ಸಾಮಾನ್ಯವಾಗಿ ಕಂಪನಿಗಳು ಕೊಡುವ ಲೆಕ್ಕ ಗಂಟೆಗೆ 80 ಕಿ.ಮೀ. ವೇಗ ಮೀರದೆ 80 ಕಿ.ಮೀ. ದೂರ. ಗಾಳಿ ಹೋಗಿದ್ದು ಸ್ಟೀರಿಂಗ್ ಹಿಡಿದವರಿಗೆ ಗೊತ್ತಾಗದೇ ಹೋಗಬಹುದು, ಅದಕ್ಕೇ ಗಾಳಿಯ ಒತ್ತಡ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆಯೂ ಜೊತೆಗಿರಬೇಕು.

ಇದು ಒಳ್ಳೆಯ ತಂತ್ರಜ್ಞಾನವೇ. ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ, ಲಾರಿಗಳ ನಡುವೆ ಜ್ಯಾಕ್ ಹಾಕಿ ಕೂರುವುದಕ್ಕಿಂತ ನಿಧಾನಕ್ಕೆ ಮುಂದಿನ ಊರು ಸೇರಿಕೊಳ್ಳೋದು ಎಷ್ಟೋ ಮೇಲು. ಪ್ರಾಣ ಉಳಿಸುವ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಸಮಸ್ಯೆ ಶುರುವಾಗೋದು ಮಾರನೇ ದಿನ. ಗಾಳಿ ಇಲ್ಲದೆ ಓಡಿದ ಟೈರು ಒಳಗೊಳಗೇ ಬಿಸಿಯಾಗಿ ಅದರ ರಚನೆಗೆ ಪೆಟ್ಟು ಬಿದ್ದಿರಬಹುದು. ಹೊರಗಿನಿಂದ ನೋಡಿದರೆ ಅದು ಕಾಣಲ್ಲ. ಹಾಗಾಗಿ ಹಲವು ಕಂಪನಿಗಳು ಪಂಕ್ಚರ್ ಹಾಕಿಸಬೇಡಿ, ಹೊಸ ಟೈರೇ ಹಾಕಿಸಿ ಅನ್ನುತ್ತವೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕಿದ್ದ ಕೆಲಸ ಹತ್ತಾರು ಸಾವಿರಕ್ಕೆ ಏರುತ್ತೆ.

"ಕಾರಿಗೆ ವಾರಂಟಿ ಇದೆಯಲ್ಲ?" ಅಂತೀರಾ? ವಾರಂಟಿ ಪುಸ್ತಕ ತೆಗೆದು ಓದಿ. ಸಾಮಾನ್ಯವಾಗಿ ಕಾರು ಕಂಪನಿಯ ವಾರಂಟಿಯಲ್ಲಿ ಟೈರು ಸೇರಿರೋದಿಲ್ಲ, ಅದಕ್ಕೆ ಟೈರು ಕಂಪನಿಯದೇ ಬೇರೆ ವಾರಂಟಿ. ಅದೂ ತಯಾರಿಕೆಯ ದೋಷಕ್ಕೆ ಮಾತ್ರ. ಮೊಳೆ, ಕಲ್ಲು, ಗುಂಡಿ ಇವೆಲ್ಲ "ರಸ್ತೆಯ ಅಪಾಯ". ದೋಷ ಇದೆ ಅಂತ ಒಪ್ಪಿಕೊಂಡರೂ ಎಷ್ಟೋ ಸಲ ಪೂರ್ತಿ ಹಣ ಬರಲ್ಲ, ಸವೆತದ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ಹೊಸ ಟೈರಿನ ಗೆರೆಯ ಆಳ 8 ಮಿ.ಮೀ. ಅನ್ನಿ. 1.6 ಮಿ.ಮೀ.ಗೆ ಬಂದರೆ ಟೈರಿನ ಆಯುಷ್ಯ ಮುಗಿಯಿತು, ಅಂದರೆ ಬಳಸಲು ಸಿಗೋದು 6.4 ಮಿ.ಮೀ. ನಿಮ್ಮದರಲ್ಲಿ ಈಗ 4.8 ಇದ್ದರೆ ಅರ್ಧ ಆಯುಷ್ಯ ಕಳೆದಿದೆ. ಹೊಸ ಟೈರಿನ ಅರ್ಧ ಬೆಲೆ ನೀವೇ ಕೊಡಬೇಕು.

ಇನ್ನು ನಮ್ಮ ರಸ್ತೆಗುಂಡಿಗಳ ವಿಷಯ. ಸಣ್ಣ ಕಾರಿನ 175/65 ಟೈರಿನ ಗೋಡೆ ಸುಮಾರು 114 ಮಿ.ಮೀ. ಎತ್ತರ. ಐಷಾರಾಮಿ ಕಾರಿನ 245/40 ಟೈರಿನ ಗೋಡೆ 98 ಮಿ.ಮೀ. ಮಾತ್ರ, ಅದರ ಮೇಲೆ ಗಡಸು ಬೇರೆ. ಗುಂಡಿಯ ಅಂಚಿಗೆ ಜೋರಾಗಿ ಬಡಿದರೆ ಗೋಡೆಯೊಳಗಿನ ದಾರಗಳು ತುಂಡಾಗಿ, ಅಲ್ಲಿ ಬಲೂನಿನ ಹಾಗೆ ಉಬ್ಬು ಬರುತ್ತೆ. ಅಲ್ಲಿಗೆ ಆ ಟೈರಿನ ಕತೆ ಮುಗಿಯಿತು. ವಿಮೆಯವರ ಹತ್ತಿರ ಹೋದರೆ ಅಲ್ಲಿ ಇನ್ನೊಂದು ನಿಯಮ. ನಮ್ಮ ದೇಶದ ಮಾಮೂಲಿ ಸಮಗ್ರ ಪಾಲಿಸಿಯಲ್ಲಿ ಟೈರಿನ ಜೊತೆ ಕಾರಿಗೂ ಹಾನಿಯಾಗಿದ್ದರೆ ಮಾತ್ರ ಪರಿಹಾರ, ಅದೂ ಟೈರಿನ ಬೆಲೆಯ 50 ಶೇಕಡಾ ಮಾತ್ರ. ಟೈರು ಒಂದೇ ಹಾಳಾದರೆ ಏನೂ ಇಲ್ಲ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಇಲ್ಲಿ ಗುಂಡಿಗೆ ಬಿದ್ದವನಿಗೆ ಮೂರು ಕಲ್ಲು :)

ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಅಮೆರಿಕದಲ್ಲಿ 2005ರ ಹೊಂಡಾ ಒಡಿಸ್ಸಿ ಟೂರಿಂಗ್ ಕಾರಿಗೆ ಮಿಶೆಲಿನ್ ಕಂಪನಿಯ ಪ್ಯಾಕ್ಸ್ ಅನ್ನುವ ರನ್-ಫ್ಲಾಟ್ ವ್ಯವಸ್ಥೆ ಕಾರ್ಖಾನೆಯಿಂದಲೇ ಬರುತ್ತಿತ್ತು. ಅದರ ರಿಮ್ಮೇ ಬೇರೆ ಥರ, ಮಾಮೂಲಿ ಟೈರು ಅದಕ್ಕೆ ಕೂರುತ್ತಿರಲಿಲ್ಲ. ಬಿಚ್ಚಿ ಹಾಕುವ ಯಂತ್ರ ಎಲ್ಲ ಅಂಗಡಿಗಳಲ್ಲೂ ಇರಲಿಲ್ಲ. ಬೇಸತ್ತ ಗ್ರಾಹಕರು ಕೋರ್ಟಿಗೆ ಹೋದರು. ಆ ವ್ಯವಸ್ಥೆಯೂ ಹೆಚ್ಚು ಕಾಲ ಬಾಳಲಿಲ್ಲ. ಯಾವ ಟೈರು ಅಂತ ಆರಿಸಿದ್ದು ಕಂಪನಿ, ಅದರ ಜೊತೆ ಏಗಿದ್ದು ಕೊಂಡವರು.

"ಟೈರು ಸವೆಯುವ ವಸ್ತು, ಗುಂಡಿಗೆ ನಾವು ಹೊಣೆಯಾ?" ಅಂತ ಕಂಪನಿಯವರು ಕೇಳಬಹುದು. ಅರ್ಧ ಒಪ್ಪುತ್ತೇನೆ. ಚಪ್ಪಲಿ ಸವೆಯಿತು ಅಂತ ಅಂಗಡಿಯವನ ಜೊತೆ ಜಗಳ ಆಡೋಕಾಗಲ್ಲ. ಆದರೆ ಇಲ್ಲಿ ಸ್ಟೆಪ್ನಿ ತೆಗೆದವರು ನೀವು. ಟೈರು ಆರಿಸಿದವರು ನೀವು. ನಿಮ್ಮ ಗುರುತಿನ ಟೈರನ್ನೇ ಹಾಕಿಸಿ ಅಂತ ಶಿಫಾರಸು ಮಾಡೋರೂ ನೀವು. ಹಾಗಿದ್ದ ಮೇಲೆ ಆ ಆಯ್ಕೆಯ ಖರ್ಚೆಲ್ಲ ಗ್ರಾಹಕನ ತಲೆಗೇ ಯಾಕೆ? ಮೊದಲ ಒಂದೆರಡು ವರ್ಷವಾದರೂ ಗುಂಡಿಯ ಪೆಟ್ಟಿಗೂ ರಕ್ಷಣೆ ಕೊಡಿ, ಅದನ್ನು ಕಾರಿನ ಬೆಲೆಯಲ್ಲೇ ಸೇರಿಸಿ. ಅದಾಗದಿದ್ದರೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಿ: ಯಾವುದಕ್ಕೆ ಕಾರು ಕಂಪನಿ, ಯಾವುದಕ್ಕೆ ಟೈರು ಕಂಪನಿ, ಯಾವುದಕ್ಕೆ ಯಾರೂ ಇಲ್ಲ.

ನನಗೇನು, ನಂದು ಸಣ್ಣ ಕಾರು ಅಂತ ಸುಮ್ಮನಿರಬೇಡಿ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ಬದಲಿಸಿ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಮತ್ತು ಒತ್ತಡ ತಿಳಿಸುವ ವ್ಯವಸ್ಥೆ ಇದ್ದರೆ 3.5 ಟನ್ ಒಳಗಿನ ಪ್ರಯಾಣಿಕ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಅಂದಿತು. ಸ್ಟೆಪ್ನಿ ಇಲ್ಲದ ಕಾರು ಇನ್ನು ದೊಡ್ಡವರದ್ದು ಮಾತ್ರ ಆಗಿ ಉಳಿಯಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು. ಬುಕಿಂಗ್ ಮಾಡೋ ಮುಂಚೆ ಕಾರಿನದು ಮತ್ತು ಟೈರಿನದು, ಎರಡೂ ವಾರಂಟಿ ಪುಸ್ತಕ ಕೇಳಿ ಓದಿ. ವಿಮೆಯ ಜೊತೆ ಟೈರು ರಕ್ಷಣೆಯ ಆಡ್-ಆನ್ ಸಿಗುತ್ತದಾ, ಅದರಲ್ಲಿ ಉಬ್ಬು ಸೇರಿದೆಯಾ ಕೇಳಿ. ಟೈರಿನ ಮೇಲಿನ ನಾಲ್ಕಂಕಿ ನೋಡಿ, 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ರನ್-ಫ್ಲಾಟ್ ತೆಗೆದು ಮಾಮೂಲಿ ಟೈರು ಹಾಕಿಸೋ ಯೋಚನೆ ಇದ್ದರೆ ಅದರಿಂದ ವಾರಂಟಿಗೆ ಏನಾಗುತ್ತೆ ಅಂತ ಲಿಖಿತವಾಗಿ ಕೇಳಿ, ಹಾಕಿಸಿದ ಮೇಲೆ ಸ್ಟೆಪ್ನಿ ಅಥವಾ ಕಿಟ್ ಇಲ್ಲದೆ ಊರು ಬಿಡಬೇಡಿ. ತಯಾರಿಕೆಯ ದೋಷವನ್ನೇ ಗುಂಡಿಯ ಪೆಟ್ಟು ಅಂತ ತಳ್ಳಿಹಾಕಿದರೆ ಕಾರಣ ಬರೆಸಿಕೊಳ್ಳಿ, ಫೋಟೋ ಇಟ್ಟುಕೊಳ್ಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಗಾಳಿ ಹೋದ ಟೈರು 80 ಕಿ.ಮೀ. ಓಡುತ್ತೆ ಅಂತ ಜಾಹೀರಾತು ಕೊಡೋರು, 81ನೇ ಕಿ.ಮೀ.ನಲ್ಲಿ ಬಿಲ್ ಯಾರ ಕೈಗೆ ಅನ್ನೋದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳಲಿ. ನೀವೇನಂತೀರಿ?