ಶ್ರಮ ಇಲ್ಲಿಯದು, ಸ್ವಾಮ್ಯ ಅಲ್ಲಿಯದು

ಒಂದು ದೇಶ ಸಂಪನ್ನವಾಗಿಯೂ ಇನ್ನೊಂದು ದೇಶ ದರಿದ್ರವಾಗಿಯೂ ಇರುವುದೇತಕ್ಕೆಂಬ ಪ್ರಶ್ನೆಗೆ ಹವೆ, ಮತ, ಜನರ ಆಲಸ್ಯ ಮೊದಲಾದವುಗಳನ್ನು ಮುಂದೊಡ್ಡಿ ಉತ್ತರ ಹೇಳುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಆದರೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಿಂದಲೋ ವೈಟ್‌ಫೀಲ್ಡಿನಿಂದಲೋ ‘ಆನ್‌ಸೈಟ್’ ಕೆಲಸಕ್ಕೆಂದು ಅಮೆರಿಕಕ್ಕೆ ತೆರಳುವ ತರುಣ ತಂತ್ರಜ್ಞನ ಸ್ಥಿತಿಯನ್ನು ಸಾವಧಾನವಾಗಿ ಪರ್ಯಾಲೋಚಿಸಿದವರಿಗೆ ಆ ಉತ್ತರಗಳ ನಿಸ್ಸಾರತೆ ತಾನಾಗಿಯೇ ವಿದಿತವಾಗುವುದು. ವಿಮಾನವೇರುವ ಮುನ್ನ ಅವನಲ್ಲಿದ್ದ ವಿದ್ಯೆ, ಬುದ್ಧಿ, ದುಡಿಮೆಯ ಅಭ್ಯಾಸಗಳೇ ಇಳಿದ ಮೇಲೆಯೂ ಇರುತ್ತವೆ. ಬರೆಯುವ ಕೋಡ್ ಸಹ ಅದೇ. ವೇತನ ಮಾತ್ರ ಹಲವು ಪಟ್ಟು ಹೆಚ್ಚಿರುತ್ತದೆ. 2023ರಲ್ಲಿ ಅಮೆರಿಕದ ತಲಾ ಉತ್ಪನ್ನ 80 ಸಾವಿರ ಡಾಲರುಗಳನ್ನು ಮೀರಿದ್ದಾಗ ಭಾರತದ್ದು 2,500 ಡಾಲರುಗಳ ಆಸುಪಾಸಿನಲ್ಲಿತ್ತು. ಮನುಷ್ಯ ಬದಲಾಗದೆ ಅವನ ಶ್ರಮದ ಬೆಲೆ ಬದಲಾಯಿತೆಂದರೆ, ಅಂತರದ ಕಾರಣವನ್ನು ಅವನ ಸುತ್ತ ತಲೆಮಾರುಗಳಿಂದ ಸಂಚಯಗೊಂಡ ಬಂಡವಾಳ, ಜ್ಞಾನ, ನ್ಯಾಯವ್ಯವಸ್ಥೆಗಳಲ್ಲಿಯೇ ಅರಸಬೇಕಾಗುವುದು.

ಆ ಸಂಚಯ ನಮ್ಮಲ್ಲಿ ಏಕೆ ಆಗಲಿಲ್ಲವೆಂದು ತಿಳಿಯಲು ದೂರ ಹೋಗಬೇಕಾದುದಿಲ್ಲ. 1799ರಲ್ಲಿ ಟಿಪ್ಪುವಿನ ಪತನಾನಂತರ ಏರ್ಪಟ್ಟ ಒಪ್ಪಂದದ ಮೇರೆಗೆ ಮೈಸೂರು ಸಂಸ್ಥಾನವು ಆಂಗ್ಲರಿಗೆ ವರ್ಷಂಪ್ರತಿ ಸುಮಾರು 24.5 ಲಕ್ಷ ರೂಪಾಯಿಗಳ ಪೊಗದಿಯನ್ನು ತೆರುತ್ತಿತ್ತು. 1876–78ರ ಭೀಕರ ಕ್ಷಾಮದಲ್ಲಿ ಲಕ್ಷಾಂತರ ಪ್ರಜೆಗಳು ಮಡಿದಿದ್ದ ಆಗ ಆಂಗ್ಲರ ನೇರ ಆಡಳಿತದಲ್ಲಿದ್ದ ಆ ರಾಜ್ಯವನ್ನು 1881ರಲ್ಲಿ ಒಡೆಯರ ರಾಜವಂಶಕ್ಕೆ ಮರಳಿ ಒಪ್ಪಿಸುವಾಗ, ಪೊಗದಿಯನ್ನು 35 ಲಕ್ಷಕ್ಕೆ ಏರಿಸತಕ್ಕದ್ದೆಂಬ ಷರತ್ತನ್ನೂ ಹೇರಲಾಯಿತು. ಅದೇ ಕಾಲದಲ್ಲಿ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಕೋಲಾರದ ಗಣಿಗಳಿಂದ ತೆಗೆದ ಚಿನ್ನದಲ್ಲಿ ಸಂಸ್ಥಾನಕ್ಕೆ ದೊರೆತದ್ದು ರಾಜಧನ. ಲಾಭಾಂಶವಾದರೋ ಲಂಡನ್ನಿನ ಷೇರುದಾರರದಾಗಿತ್ತು. 1700ರಲ್ಲಿ ಜಗತ್ತಿನ ಉತ್ಪನ್ನದಲ್ಲಿ ಹೆಚ್ಚುಕಡಿಮೆ ಕಾಲುಭಾಗವಿದ್ದ ಭಾರತದ ಪಾಲು 1950ರ ವೇಳೆಗೆ ಶೇಕಡಾ 4ಕ್ಕೆ ಇಳಿಯಿತೆಂದು ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಗಣಿಸಿದ್ದಾರೆ. ಯೂರೋಪು ಯಂತ್ರಯುಗವನ್ನು ಪ್ರವೇಶಿಸಿ ಮುನ್ನಡೆದದ್ದೂ ಈ ಕುಸಿತಕ್ಕೆ ಕಾರಣವೆಂಬುದು ನಿಜ. ಆದರೆ ಆ ಯುಗಕ್ಕೆ ನಾವು ಹೆಜ್ಜೆಯಿಡಲು ಬೇಕಾಗಿದ್ದ ಧನವೇ ಹೊರಕ್ಕೆ ಹರಿಯುತ್ತಿತ್ತೆಂಬುದೂ ಅಷ್ಟೇ ನಿಜ. 2024ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್‌ ಅವರು ಪ್ರತಿಪಾದಿಸಿದ್ದೂ ಇದಕ್ಕೆ ಸಮೀಪವಾದುದೇ: ವಸಾಹತುಗಳಲ್ಲಿ ದೋಚುವುದಕ್ಕಾಗಿ ಕಟ್ಟಿದ ಸಂಸ್ಥೆಗಳು, ದೋಚಿದವರು ಹೊರಟುಹೋದ ಮೇಲೆಯೂ ಆ ನಾಡುಗಳನ್ನು ಬಡವಾಗಿಯೇ ಉಳಿಸುತ್ತವೆ.

ಸಂಸ್ಥೆಗಳು ಬದಲಾದರೆ ಫಲವೂ ಬದಲಾಗುವುದೆಂಬುದಕ್ಕೆ ಮೈಸೂರೇ ನಿದರ್ಶನ. 1909ರಲ್ಲಿ ಭಾರತೀಯ ವಿಜ್ಞಾನ ಮಂದಿರ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ—ಹೀಗೆ ಒಂದರ ಮೇಲೊಂದಾಗಿ ಸಂಸ್ಥೆಗಳನ್ನು ಕಟ್ಟಿದ್ದರಿಂದಲೇ ಎಚ್‌.ಎ.ಎಲ್., ಐ.ಟಿ.ಐ., ಎಚ್‌.ಎಂ.ಟಿ., ಬಿ.ಇ.ಎಲ್.ಗಳಂತಹ ಉದ್ದಿಮೆಗಳು ಬೆಂಗಳೂರಿನಲ್ಲಿ ನೆಲೆಗೊಂಡವು, ಅವುಗಳಲ್ಲಿ ಕಸಬು ಕಲಿತವರು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಕಾರ್ಖಾನೆಗಳನ್ನು ತೆರೆದರು, ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಆರ್‌.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು.

ಇಷ್ಟಾದರೂ ಅಂತರ ಅಳಿಯದಿರುವುದಕ್ಕೆ ಕಾರಣ, ಪೂರ್ವದಲ್ಲಿ ಗಣಿಯ ಒಡೆತನದಲ್ಲಿದ್ದ ಸ್ವಾಮ್ಯವು ಇಂದು ಜ್ಞಾನದ ಒಡೆತನದಲ್ಲಿ ನೆಲೆಸಿರುವುದು. ಇಲ್ಲಿ ಬರೆದ ಕೋಡಿನ ಬಹುಪಾಲು ಕರಾರಿನ ಪ್ರಕಾರ ವಿದೇಶದ ಗ್ರಾಹಕನ ಸ್ವತ್ತು; ಹೊರವರ್ತುಲ ರಸ್ತೆಯ ಉದ್ದಕ್ಕೂ ಹಬ್ಬಿರುವ ಬಹುರಾಷ್ಟ್ರೀಯ ಸಂಸ್ಥೆಗಳ ಸ್ವಂತ ಕೇಂದ್ರಗಳಲ್ಲಿ ಹುಟ್ಟುವ ಪೇಟೆಂಟುಗಳ ಒಡೆತನವೂ ಸಾಮಾನ್ಯವಾಗಿ ಮಾತೃಸಂಸ್ಥೆಗಳದು. ಪೀಣ್ಯದಲ್ಲಿ ಸಿ.ಎನ್‌.ಸಿ. (ಗಣಕನಿಯಂತ್ರಿತ) ಯಂತ್ರಗಳನ್ನೇ ತಯಾರಿಸುವ ಸಾಮರ್ಥ್ಯವಿದ್ದರೂ ಅವುಗಳ ಮಿದುಳೆನಿಸಿದ ಕಂಟ್ರೋಲರ್ ಬಹುಮಟ್ಟಿಗೆ ಜಪಾನ್, ಜರ್ಮನಿಗಳ ಸಂಸ್ಥೆಗಳದು. ಜಾಬ್‌ವರ್ಕ್ ಮಾಡುವ ಸಣ್ಣ ಕಾರ್ಖಾನೆಯಾತ ಡ್ರಾಯಿಂಗ್ ಬಂದಂತೆ ಲೋಹವನ್ನು ಕಡೆದು ಕೊಡುತ್ತಾನೆಯೇ ಹೊರತು ಬೆಲೆ ಕಟ್ಟುವ ಅಧಿಕಾರ ಅವನಿಗಿಲ್ಲ. ವಿನ್ಯಾಸವೂ ಹೆಸರೂ ಯಾರದೋ, ಲಾಭದ ಸಿಂಹಪಾಲು ಅವರದು.

ಈ ಉದ್ಯೋಗಗಳು ಲಕ್ಷಾಂತರ ಕುಟುಂಬಗಳನ್ನು ಮಧ್ಯಮ ವರ್ಗಕ್ಕೆ ಏರಿಸಿವೆಯೆಂಬುದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆದರೆ ಕೂಲಿಯಿಂದ ಕುಟುಂಬ ಬಡತನವನ್ನು ದಾಟಬಹುದು, ರಾಷ್ಟ್ರ ಸಂಪನ್ನವಾಗಲಾರದು. 1960ರ ಸುಮಾರಿಗೆ ನಮ್ಮಂತೆಯೇ ಬಡರಾಷ್ಟ್ರಗಳ ಸಾಲಿನಲ್ಲಿದ್ದ ದಕ್ಷಿಣ ಕೊರಿಯವು ಪರರ ತಂತ್ರವನ್ನು ಎರವು ತಂದು, ಅದನ್ನು ಕರಗತ ಮಾಡಿಕೊಂಡು, ಸ್ವಂತ ಹೆಸರಿನ ಹಡಗು, ಕಾರು, ಚಿಪ್‌ಗಳನ್ನು ಜಗತ್ತಿಗೆ ಮಾರಿತು. ಇಂದು ಅದರ ತಲಾದಾಯ 30 ಸಾವಿರ ಡಾಲರುಗಳನ್ನು ಮೀರಿದೆ. ರಾಷ್ಟ್ರೋತ್ಪನ್ನದಲ್ಲಿ ಶೇಕಡಾ 5ರಷ್ಟನ್ನು ಅದು ಸಂಶೋಧನೆಗೆ ವಿನಿಯೋಗಿಸಿದರೆ, ನಾವು ವಿನಿಯೋಗಿಸುವುದು ಶೇಕಡಾ 0.7ಕ್ಕೂ ಕಡಮೆ. ಇದು ಯಾವ ಸಾಮ್ರಾಜ್ಯವೂ ಹೇರಿದ ಷರತ್ತಲ್ಲ.

ಆದುದರಿಂದ ಗತಕಾಲದ ಅನ್ಯಾಯವನ್ನು ಮರೆಯದೆಯೇ ವರ್ತಮಾನದ ಹೊಣೆಯನ್ನು ನಾವು ಹೊರಬೇಕು. ಸಣ್ಣ ಉದ್ದಿಮೆಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂಬ 2006ರ ಶಾಸನವನ್ನು ಅಕ್ಷರಶಃ ಜಾರಿಗೊಳಿಸಲಿ, ಪೀಣ್ಯದ ಕಾರ್ಖಾನೆಯಾತನಿಗೆ ಕೈಗೆಟಕುವ ದರದಲ್ಲಿ ವಿನ್ಯಾಸ, ಪರೀಕ್ಷೆಗಳ ಸೌಕರ್ಯವನ್ನು ಸರ್ಕಾರ ಒದಗಿಸಲಿ, ಐ.ಟಿ. ಸಂಸ್ಥೆಗಳು ತಮ್ಮ ಲಾಭದಲ್ಲಿ ಗಣ್ಯವಾದ ಭಾಗವನ್ನು ಸ್ವಂತ ಸಂಶೋಧನೆಗೆ ಮೀಸಲಿಡಲಿ. ಗ್ರಾಮದ ಶಾಲೆಯ ಮಗುವಿಗೂ ಒಳ್ಳೆಯ ವಿದ್ಯೆ ದಕ್ಕಲಿ. ಜ್ಞಾನವನ್ನು ಪರರಿಗಾಗಿ ದುಡಿಸುವ ನಾಡು ಜೀವನೋಪಾಯವನ್ನು ಕಂಡುಕೊಂಡೀತು. ಅದರ ಒಡೆತನವನ್ನು ತನ್ನಲ್ಲಿ ಉಳಿಸಿಕೊಂಡ ನಾಡು ಮಾತ್ರ ಸಂಪನ್ನವಾದೀತು.